ಬೇಳೆ ಮೇಲೆ, ತೊಗರಿ ಕಟ್ಟಿಗೆ ಕೆಳಗೆ

"ಮಾಸ್ತರ, ಅದು ಹಂಗ ಒಡಿಯಂಗಿಲ್ರಿ. ಗೆಣ್ಣಿನ ಮ್ಯಾಲ ಹೊಡಿಲತ್ತೀರಿ. ಕೊರಡು ತಿರುವಿ ಇಡ್ರಿ."

ಬೇಲಿಯಾಚೆ ಕಾಕಾ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದರು. ಜನವರಿಯ ಮುಂಜಾನೆ. ಆಳಂದದ ನಮ್ಮ ಓಣಿಯಲ್ಲಿ ಮಂಜಿನ್ನೂ ಕರಗಿರಲಿಲ್ಲ. ಕೊರಡು ತಿರುವಿಟ್ಟೆ. ಅದರ ನೆತ್ತಿಯ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕೊಡಲಿ ಆ ಗೆರೆಯ ಮೇಲೇ ಬಿತ್ತು. ಜಾಲಿ ಎರಡು ಹೋಳಾಗಿ ಆಚೆಗೊಂದು ಈಚೆಗೊಂದು ಉರುಳಿತು. ಒಳಗಿನ ಕೆಚ್ಚು ಹಸಿ ಇಟ್ಟಿಗೆಯಂತೆ ಕೆಂಪಗಿತ್ತು.

"ಈಗ ನೋಡ್ರಿ!" ಎಂದರು ಕಾಕಾ, ತಾವೇ ಒಡೆದಷ್ಟು ಖುಷಿಯಿಂದ.

ಬೇಲಿ ಅಂತೀವಲ್ಲ, ಅದೂ ಕಟ್ಟಿಗೆಯೇ. ಜಾಲಿ ಮುಳ್ಳು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಸೇರಿಸಿ ಬಿಗಿದ ತಟ್ಟಿ. ಮಳೆಗಾಲದಲ್ಲಿ ಒಣ ಕಟ್ಟಿಗೆ ಮುಗಿದರೆ ಅದರಿಂದಲೇ ನಾಲ್ಕು ಕಿತ್ತು ಒಲೆಗಿಡುತ್ತೇವೆ, ರಾಶಿಯಾದ ಮೇಲೆ ಹೊಸದು ತಂದು ತುಂಬುತ್ತೇವೆ. ಕಾಡಿಲ್ಲದ ಸೀಮೆ ನಮ್ಮದು. ಜಿಲ್ಲೆಯ ಕಾಡೆಲ್ಲ ಹೆಚ್ಚುಕಡಿಮೆ ಚಿಂಚೋಳಿಯ ಕಡೆಗೇ ಉಳಿಯಿತು. ಆಳಂದ, ಅಫಜಲಪುರ, ಜೇವರ್ಗಿಗೆ ಸಿಕ್ಕದ್ದು ಎರೆ ಹೊಲ, ಬದುವಿನ ಜಾಲಿ, ಭೀಮಾ ನದಿಯ ದಂಡೆ. ಮಲೆನಾಡಿನವರಿಗೆ ಸೌದೆ ಮರದಿಂದ ಬಂದರೆ ನಮಗೆ ಕಟ್ಟಿಗೆ ಬೆಳೆಯಿಂದ ಬರುತ್ತದೆ.

ಮೃಗಶಿರಾ ಮಳೆಗೆ ಬಿತ್ತಿದ ತೊಗರಿ ಎಳ್ಳಮಾವಾಸ್ಯೆಯ ಹೊತ್ತಿಗೆ ಆಳೆತ್ತರ ನಿಂತಿರುತ್ತದೆ. ಕಾಯಿ ಒಣಗಿ ಗಾಳಿಗೆ ಗಿಲಿಗಿಲಿ ಎನ್ನುವಾಗ ಕುಡಗೋಲಿನಿಂದ ಬುಡಕ್ಕೆ ಕೊಯ್ದು, ಸೂಡು ಕಟ್ಟಿ, ಬಣವೆ ಒಟ್ಟಿ, ಆಮೇಲೆ ಬಡಿದು ರಾಶಿ ಮಾಡುತ್ತಿದ್ದೆವು. ಕಾಳು ಚೀಲಕ್ಕೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಾಗ ನನಗೆ ಬಹಳ ಸಂತೋಷವಾಯಿತು. ಆದರೆ ಆ ಬೇಳೆಯ ಪೂರ್ತಿ ರುಚಿ ಗೊತ್ತಾಗಬೇಕಾದರೆ ಅದನ್ನು ಅದರ ಕಟ್ಟಿಗೆಯ ಮೇಲೇ ಬೇಯಿಸಿ ಉಣ್ಣಬೇಕು. ಗಡಿಗೆಯೊಳಗೆ ತೊಗರಿ, ಗಡಿಗೆಯ ಕೆಳಗೂ ತೊಗರಿ. ಒಂದೇ ಗಿಡ ಕಾಳನ್ನೂ ಕೊಟ್ಟು, ಆ ಕಾಳು ಬೇಯಿಸುವ ಬೆಂಕಿಯನ್ನೂ ಕೊಡುತ್ತದಲ್ಲ, ಇದಕ್ಕಿಂತ ದೊಡ್ಡ ಉಪಕಾರ ಇನ್ಯಾವ ಬೆಳೆಯದು?

ಬೆಂಕಿ ಬೆಂಕಿಗೂ ಗುಣ ಬೇರೆ. ಹತ್ತಿ ಕಟ್ಟಿಗೆ ಬುಸ್ಸೆಂದು ಹತ್ತಿ ಅಷ್ಟೇ ಬೇಗ ಆರುತ್ತದೆ, ಒಲೆ ಹೊತ್ತಿಸಲಿಕ್ಕೆ ಸೈ. ತೊಗರಿ ಕಟ್ಟಿಗೆಯ ಉರಿ ಹೇಳಿದ ಮಾತು ಕೇಳುತ್ತದೆ. ನಾಲ್ಕು ಕಡ್ಡಿ ಮುಂದೆ ತಳ್ಳಿದರೆ ಏರುತ್ತದೆ, ಎರಡು ಹಿಂದೆ ಎಳೆದರೆ ತಗ್ಗುತ್ತದೆ. ಜೋಳದ ರೊಟ್ಟಿಗೆ ಬೇಕಾದದ್ದು ಇದೇ. ರೊಟ್ಟಿ ಹಂಚಿನ ಮೇಲೆ ಬಿದ್ದು, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಹಾಕುವ ತನಕ ಉರಿ ಬೇಕು. ಹಂಚಿನಿಂದ ತೆಗೆದು ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದಾಗ ಕೆಂಡ ಬೇಕು, ಆಗಲೇ ಅದು ಪುಗ್ಗಿಯಂತೆ ಉಬ್ಬುವುದು. ಅದಕ್ಕೇ ನಮ್ಮ ಅವ್ವ ಒಲೆಯ ಹಿಂದೆ ಜಾಲಿಯ ಎರಡು ಸೀಳು, ಮುಂದೆ ಒಂದು ಹಿಡಿ ತೊಗರಿ ಕಟ್ಟಿಗೆ ಇಡುತ್ತಿದ್ದಳು. ಹಿಂದಿನದು ಕೆಂಡಕ್ಕೆ, ಮುಂದಿನದು ಉರಿಗೆ. ರೊಟ್ಟಿ ಮುಗಿದ ಮೇಲೆ ಅದೇ ಕೆಂಡದಲ್ಲಿ ಬದನೆಕಾಯಿ ಹೂಳಿ ಸುಡುತ್ತಿದ್ದಳು. ಹಾಲಿಗೆ ಮಾತ್ರ ಕುಳ್ಳು, ಅಂದರೆ ಸಗಣಿಯ ಬೆರಣಿ. ಕುಳ್ಳಿನ ಮೇಲೆ ಇಡೀ ದಿನ ಮೆಲ್ಲಗೆ ಕಾದ ಹಾಲಿನ ಕೆನೆಯ ಬಣ್ಣವೇ ಬೇರೆ. ಸೀತನಿ ಸುಡಲಿಕ್ಕೂ ಕುಳ್ಳೇ ಬೇಕು. ಎಳೆ ಜೋಳದ ತೆನೆ ಕುಳ್ಳಿನ ಕೆಂಡದಲ್ಲಿ ಹೊರಳಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ ಹಚ್ಚಿ ತಿಂದವರಿಗೆ ನಾನು ಹೆಚ್ಚು ಹೇಳುವುದೇ ಬೇಡ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಸುಖದ ಜೊತೆಗೆ ಹೊಗೆಯೂ ಇತ್ತು, ಅದನ್ನು ಉಂಡವರು ನಮ್ಮ ಅವ್ವಂದಿರು. ತಲೆ ಮೇಲೆ ಹೊರೆ ಹೊತ್ತವರೂ ಅವರೇ, ಊದುಗೊಳವಿ ಊದಿ ಕಣ್ಣು ಕೆಂಪು ಮಾಡಿಕೊಂಡವರೂ ಅವರೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದಿಂದ ಹೊಗೆಕೊಳವೆಯ ಅಸ್ತ್ರ ಒಲೆ ಬಂತು. ಕಡಿಮೆ ಕಟ್ಟಿಗೆಯಲ್ಲಿ ಸಾಲಾಗಿ ಮೂರು ಪಾತ್ರೆ ಬೇಯಿಸಬಹುದಿತ್ತು, ಹೊಗೆ ಮಾಡಿನಾಚೆ ಹೋಗುತ್ತಿತ್ತು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಗಿ ಸಿಲಿಂಡರು ಹಳ್ಳಿ ಹಳ್ಳಿಗೆ ಬಂತು. ಬಂದದ್ದು ಒಳ್ಳೆಯದೇ ಆಯಿತು. ಚಹಾ, ಪಲ್ಯ, ಅನ್ನ ಎಲ್ಲ ಗ್ಯಾಸಿನ ಮೇಲಾಗಲಿ. ಹಿತ್ತಿಲಲ್ಲಿ, ಬಯಲು ಗಾಳಿಯಲ್ಲಿ, ರೊಟ್ಟಿಗೂ ಮೈ ನೀರಿಗೂ ಒಂದು ಒಲೆ ಉಳಿಯಲಿ. ನಾನು ಕೇಳುವುದು ಅಷ್ಟೇ.

ಇನ್ನು ಒಡೆಯುವ ಸುಖ. ಅದನ್ನು ಕಲಿಸಿದವರು ನಮ್ಮ ಮುತ್ಯಾ, ಅಂದರೆ ಅಜ್ಜ. ಜೇವರ್ಗಿ ಕಡೆಯ ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿ ಸಾಲಾಗಿ ನಿಂತಿದ್ದವು. ನೆಟ್ಟಗೆ ಬೆಳೆದದ್ದು ಕುಂಟೆಗೆ, ಬಂಡಿಗೆ. ಸೊಟ್ಟ ಟೊಂಗೆ ಮಾತ್ರ ಒಲೆಗೆ. ಜಾಲಿಯನ್ನು ಹಸಿ ಇದ್ದಾಗಲೇ ಸೀಳಿಡಬೇಕು, ಒಣಗಿದರೆ ಕಬ್ಬಿಣ, ಕೊಡಲಿಯ ಬಾಯಿ ಮುಕ್ಕಾಗುತ್ತದೆ ಅನ್ನುತ್ತಿದ್ದರು. ದಪ್ಪ ಕೊರಡಿನ ನಡುವಿಗೆ ಹೊಡೆಯದೆ ಅಂಚಿನಿಂದ ಚೆಕ್ಕೆ ಚೆಕ್ಕೆಯಾಗಿ ಬಿಡಿಸಬೇಕು. ಗೆಣ್ಣು ಬಂದರೆ ಹಟ ಮಾಡದೆ ಬೆಣೆ ಇಟ್ಟು ಸುತ್ತಿಗೆ ಹಾಕಬೇಕು. ಕಾಲು ಅಗಲಿಸಿ ನಿಲ್ಲಬೇಕು, ಕೊಡಲಿ ಜಾರಿದರೂ ಮಣ್ಣಿಗೆ ಬೀಳಬೇಕು. ಹಿಂದಿನ ರಾತ್ರಿಯೇ ಕೊಡಲಿಯ ತಲೆಯನ್ನು ನೀರಿನಲ್ಲಿ ನೆನೆಯಿಟ್ಟರೆ ಕಾವು ಉಬ್ಬಿ ಬಿಗಿಯಾಗುತ್ತದೆ. ಇದನ್ನು ಮರೆತ ದಿನ ಒಮ್ಮೆ ತಲೆ ಕಳಚಿ ಹಾರಿ, ನಾನು ಕೂತಿದ್ದ ಕಟ್ಟೆಯ ಪಕ್ಕದ ಗೋಡೆಗೆ ಬಡಿಯಿತು. ಮುತ್ಯಾ ಆ ಹೊತ್ತು ಮತ್ತೆ ಕೊಡಲಿ ಮುಟ್ಟಲಿಲ್ಲ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು.

ಕಿವಿಗೂ ಇದರಲ್ಲಿ ಕೆಲಸವಿದೆ. ಹಸಿ ಕಟ್ಟಿಗೆ ಒಂದಕ್ಕೊಂದು ಬಡಿದರೆ 'ದಬ್' ಅನ್ನುತ್ತದೆ, ಒಣಗಿದ್ದು 'ಠಣ್' ಅನ್ನುತ್ತದೆ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ಬರೀ ನೀರೇ ಇರಬಹುದು. ಅದನ್ನು ಒಲೆಗಿಟ್ಟರೆ ಬೆಂಕಿ ಮೊದಲು ಆ ನೀರನ್ನು ಕುದಿಸುತ್ತದೆ, ನಮ್ಮ ಗಡಿಗೆಯ ಸರದಿ ಆಮೇಲೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಸುಡುವ ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ಕಟ್ಟಿಗೆ ಒಟ್ಟಿದವನಿಗೆ ಆ ಬಿಸಿಲೂ ಆಸ್ತಿ. ಚೆನ್ನಾಗಿ ಒಣಗಿದ ಕರಿಜಾಲಿಯ ಕೆಚ್ಚಿನಲ್ಲಿ ಕಿಲೋಗೆ 4,900 ಕಿಲೋ ಕ್ಯಾಲೊರಿಗಿಂತ ಹೆಚ್ಚು ಶಾಖವಿದೆ. ಆ ಶಾಖ ಕೈಗೆ ಸಿಗಬೇಕಾದರೆ ಬೇಸಿಗೆಯ ಎರಡು ತಿಂಗಳು ಅದನ್ನು ಬಿಸಿಲಿಗೆ ಬಿಟ್ಟುಕೊಡಬೇಕು.

ಈಗ ಕರಿಜಾಲಿ ಕಡಿಮೆಯಾಗಿ ಬಳ್ಳಾರಿ ಜಾಲಿ ಎಲ್ಲೆಲ್ಲೂ ಹಬ್ಬಿದೆ. ದೂರದ ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಗಿಡ. ಹೊಲಕ್ಕೆ ಹೊಕ್ಕರೆ ಬಿಡದ ಪೀಡೆ, ಒಲೆಗೆ ಹೊಕ್ಕರೆ ಮಾತ್ರ ಒಳ್ಳೆಯ ಕೆಂಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟ ಮರಗಳ ಪಟ್ಟಿಯಲ್ಲಿ ಇದೂ ಸೇರಿದೆ. ಕೊಡಲಿ ಇದ್ದವರು ಅದರ ಮೇಲೇ ಹೋಗಲಿ, ಬೇವನ್ನೂ ಬನ್ನಿಯನ್ನೂ ಬಿಡಲಿ.

ಕಾಕಾಗೆ ನಾರ್ವೆ ದೇಶದ ಸುದ್ದಿ ಹೇಳಿದೆ. 2013ರಲ್ಲಿ ಅಲ್ಲಿಯ ಟಿವಿಯವರು ಕಟ್ಟಿಗೆಯ ಮೇಲೆಯೇ 12 ತಾಸಿನ ಕಾರ್ಯಕ್ರಮ ಮಾಡಿದರು. ಕಡಿಯುವುದು, ಒಡೆಯುವುದು, ಒಟ್ಟುವುದನ್ನು ತೋರಿಸಿ, ಉಳಿದ ರಾತ್ರಿಯೆಲ್ಲ ಬರೀ ಉರಿಯುವ ಬೆಂಕಿ ತೋರಿಸಿದರು. ಜನ ಕೂತು ನೋಡಿದರು. ತೊಗಟೆ ಮೇಲೆ ಮಾಡಿ ಒಟ್ಟಬೇಕೋ ಕೆಳಗೆ ಮಾಡಿ ಒಟ್ಟಬೇಕೋ ಎಂದು ನೋಡುಗರಲ್ಲಿ ಎರಡು ಪಕ್ಷಗಳಾದವಂತೆ.

ಕಾಕಾ ಕಡ್ಡಿ ಬಾಯಿಂದ ತೆಗೆದರು. "ಇದರಾಗ ಜಗಳ ಎಂಥಾದ್ರಿ? ತೊಗಟಿ ಮ್ಯಾಲ ಇರಬೇಕು, ಮಳಿ ನೀರು ಜಾರಿ ಹೋಗ್ತದ. ಕೆಳಗ ಕಲ್ಲು ಇಡಬೇಕು, ಇಲ್ಲಾಂದ್ರ ಗೆದ್ದಲ ಹತ್ತತದ. ಮತ್ತ ಕೈ ಹಾಕೂಕಿಂತ ಮದಲ ಕೋಲಿಲೆ ಬಡಿಬೇಕು, ಚೇಳು ಇರ್ತಾವ. ಇಟ್ಟ ಹೇಳ್ರಿ ಅವರಿಗಿ."

ಒಣ ಕೊರಡು ಅಂದರೆ ನನಗೆ ಗಾಣಗಾಪುರವೂ ನೆನಪಾಗುತ್ತದೆ. ಅಫಜಲಪುರದಲ್ಲಿ ನೌಕರಿ ಮಾಡಿದ ವರ್ಷಗಳಲ್ಲಿ ಗಾಣಗಾಪುರಕ್ಕೆ ಎಷ್ಟು ಸಲ ಹೋದೆನೋ. ಭೀಮಾ ಅಮರ್ಜಾ ಕೂಡುವ ಸಂಗಮದಲ್ಲಿ ಗುರುಚರಿತ್ರೆಯ ಕಥೆಯೊಂದು ನೆನಪಾಗುತ್ತಿತ್ತು. ತೊನ್ನಿನಿಂದ ನೊಂದು ಬಂದ ಬ್ರಾಹ್ಮಣನಿಗೆ ನರಸಿಂಹ ಸರಸ್ವತಿಗಳು ಒಣಗಿದ ಅತ್ತಿಯ ಕೊರಡು ಕೊಟ್ಟು, ಸಂಗಮದಲ್ಲಿ ನೆಟ್ಟು ನೀರೆರೆ ಎಂದರು. ಕಂಡವರು ನಕ್ಕರು. ಅವನು ಎರೆಯುತ್ತಲೇ ಇದ್ದ, ಕೊರಡು ಚಿಗುರಿತು. ಕಟ್ಟಿಗೆ ಒಡೆಯುವ ನನಗೆ ಈ ಕಥೆ ಒಂದು ಅಭ್ಯಾಸ ಕೊಟ್ಟಿದೆ. ಟೊಂಗೆ ಎಷ್ಟೇ ಒಣಗಿದಂತೆ ಕಂಡರೂ ಉಗುರಿನಿಂದ ತೊಗಟೆ ಕೆರೆದು ನೋಡುತ್ತೇನೆ. ಒಳಗೆ ಹಸಿರು ಕಂಡರೆ ಮುಟ್ಟುವುದಿಲ್ಲ.

ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಮೋಳಿಗೆಯ ಮಾರಯ್ಯ ಇದ್ದರು. ಮೋಳಿಗೆ ಅಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದವರೆಂದು ಪರಂಪರೆ ಹೇಳುತ್ತದೆ. ಗಂಡ ಕಟ್ಟಿಗೆ ಕಡಿದು ಮಾರುತ್ತಿದ್ದ, ಹೆಂಡತಿ ಮಹಾದೇವಿ ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದಳು. ಅವರ ಬಡತನ ಕಂಡು ಬಸವಣ್ಣನವರು ಮನೆಯಲ್ಲಿ ಗುಟ್ಟಾಗಿ ಹೊನ್ನು ಇಟ್ಟು ಬಂದರೆ, ಮಾರಯ್ಯ ಅದನ್ನು ಜಂಗಮರಿಗೆ ಕೊಟ್ಟು ಮಾರನೆಯ ದಿನ ಮತ್ತೆ ಹೊರೆಗೆ ಹೊರಟರು. ಕೊಡಲಿ ಹಿಡಿದವರಿಗೆ ಇದು ಪವಾಡ ಅನಿಸುವುದಿಲ್ಲ. ಮುಂಜಾನೆ ಒಂದು ಹೊರೆ ಒಡೆದು ಅಂಗೈ ಬಿಸಿಯಾದ ಮೇಲೆ ಹಂಡೆಯ ನೀರು ಮೈಮೇಲೆ ಬೀಳುವಾಗ, ಈ ದಿನಕ್ಕೆ ಇಷ್ಟು ಸಾಕು ಎಂಬ ಮಾತು ತಾನಾಗಿಯೇ ಬರುತ್ತದೆ.

ಊರಿನ ಹಬ್ಬಗಳಿಗೂ ಕಟ್ಟಿಗೆ ಬೇಕಿತ್ತು. ಮೊಹರಂನಲ್ಲಿ ಅಲಾಯಿ ಕುಣಿಯ ಬೆಂಕಿಗೆ ಜಾತಿ ಕೇಳದೆ ಮನೆ ಮನೆಯಿಂದ ಕಟ್ಟಿಗೆ ಹೋಗುತ್ತಿತ್ತು. ಕಾಮದಹನಕ್ಕೆ ಹುಡುಗರು ರಾತ್ರಿ ಬಂದು ಕುಳ್ಳು ಕದಿಯುತ್ತಿದ್ದರು, ನಮ್ಮ ಆಯಿ ಎಚ್ಚರವಿದ್ದೂ ಸುಮ್ಮನೆ ಮಲಗಿರುತ್ತಿದ್ದಳು. ಆದರೆ ಎಲ್ಲ ಕಟ್ಟಿಗೆಯೂ ಖುಷಿಯದಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹೊಲ ಮನೆ ನುಂಗಿದ ಮೇಲೆ ದಂಡೆಯ ತುಂಬ ಕೊರಡುಗಳು ಬಿದ್ದಿದ್ದವು. ಬೆಳೆ ಕಳೆದುಕೊಂಡ ಜನ ಅವನ್ನೇ ಆಯ್ದು ಒಲೆ ಹೊತ್ತಿಸಿದರು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

"ಕಾಕಾ, ನಿಮ್ಮ ತೊಗರಿ ರಾಶಿ ಆತೇನ್ರಿ?" ಎಂದೆ.

"ಆತ್ರಿ. ಮಶೀನ್ ಬಂದಿತ್ತು. ಒಂದ್ ತಾಸಿನಾಗ ಮುಗಿತು. ಕಟ್ಟಿಗಿ ಎಲ್ಲ ಪುಡಿಪುಡಿ ಮಾಡಿ ಹೊಲದಾಗೇ ಚೆಲ್ಲಿ ಹೋಯ್ತು."

ಆಳು ಸಿಗದ ಕಾಲದಲ್ಲಿ ಮಶೀನು ತರಿಸಿದ ರೈತನನ್ನು ನಾನು ತಪ್ಪು ಎನ್ನಲಾರೆ. ಆ ಪುಡಿ ಕೊಳೆತು ಎರೆಗೆ ಗೊಬ್ಬರವೂ ಆಗುತ್ತದೆ. ಆದರೆ ಬೇಲಿಯಲ್ಲಿ ಈ ಸಲ ತುಂಬದೆ ಉಳಿದ ಕಂಡಿಯ ಕಡೆಗೇ ನನ್ನ ಕಣ್ಣು ಹೋಯಿತು. ಕಾಕಾ ಕೂಡ ಅದನ್ನೇ ನೋಡುತ್ತಿದ್ದರು.

"ಬದುವಿನ ಬಾಜೂಕ ನಾಕ್ ಸಾಲು ಬಿಟ್ಟೀನ್ರಿ ಮಾಸ್ತರ, ಕೈಲೆ ಕೊಯ್ಯಾಕ. ನಿಮ್ಮ ಕಾಕಿ ಬಿಡಿಸ್ಯಾಳ. ರೊಟ್ಟಿಗಿ ಬೇಕಂತ."

ಅಷ್ಟರಲ್ಲಿ ಅವರ ಹಿತ್ತಿಲಿನಿಂದ ಕೂಗು ಬಂತು. ಕಡ್ಡಿಪೆಟ್ಟಿಗೆ ಮಂಜಿಗೆ ತೊಯ್ದಿದೆ, ನೀರೊಲೆ ಹತ್ತುತ್ತಿಲ್ಲ. ನಮ್ಮ ಒಲೆ ಆಗಲೇ ಕೆಂಡವಾಗಿತ್ತು. ಒಂದು ಕುಳ್ಳಿನ ಚೂರಿನ ಮೇಲೆ ಎರಡು ಜಾಲಿ ಕೆಂಡ ಇಟ್ಟು, ಬೂದಿ ಸವರಿ, ಆ ಕಂಡಿಯಿಂದಲೇ ದಾಟಿಸಿದೆ. ಕಾಕಾ ಎರಡೂ ಕೈಯಿಂದ ಹಿಡಿದು, ಗಾಳಿಗೆ ಬೆನ್ನು ಮಾಡಿ, ಊದುತ್ತ ಊದುತ್ತ ನಡೆದರು.