ಎಷ್ಟನೇ ಕಂತು?

ಬೆಳಿಗ್ಗೆ ಏಳೂಕಾಲು. ಒಲೆಯ ಮೇಲೆ ಹಾಲು ಇನ್ನೇನು ಉಕ್ಕಬೇಕು, ಮೈಸೂರಿನಿಂದ ಫೋನು. ‘ಎಷ್ಟನೇ ಕಂತು?’ ಅಷ್ಟೇ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಪಕ್ಕದಲ್ಲಿದ್ದವರು ಕೇಳಿಸಿಕೊಂಡರೆ ನಾನು ಯಾವುದೋ ಸಾಲ ಕಟ್ಟದೆ ತಲೆ ಮರೆಸಿಕೊಂಡಿದ್ದೇನೆ ಅಂದುಕೊಳ್ಳಬೇಕು. ಅಂದುಕೊಂಡರೆ ಪೂರ್ತಿ ತಪ್ಪೂ ಅಲ್ಲ. ನಮ್ಮ ಚಿಕ್ಕಮ್ಮ ಮೂವತ್ತೆರಡು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವರು. ಸುಸ್ತಿದಾರ ಕೆಮ್ಮುವ ರೀತಿಯಲ್ಲೇ ಅವನು ಸುಳ್ಳು ಹೇಳಲು ಹೊರಟಿದ್ದಾನೆಂದು ಅವರಿಗೆ ತಿಳಿದುಬಿಡುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಕಂತು ಬದಲಾಯಿತು, ವಸೂಲಿ ಬದಲಾಗಲಿಲ್ಲ. ಈಗ ಅವರು ಕೇಳುವುದು ಕೊರಿಯನ್ ಧಾರಾವಾಹಿಯ ಕಂತು.

ಇದೆಲ್ಲ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಕೆಲಸವನ್ನು ಮನೆಗೇ ಹೊತ್ತು ತಂದಿದ್ದ ಮಗಳು, ಅಮ್ಮನ ಬಾಯಿ ಒಂದು ಗಂಟೆ ಮುಚ್ಚಿರಲಿ ಎಂದು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಹಾಕಿಕೊಟ್ಟಳು. ದಕ್ಷಿಣ ಕೊರಿಯಾದ ಶ್ರೀಮಂತರ ಮಗಳೊಬ್ಬಳು ಪ್ಯಾರಾಗ್ಲೈಡಿಂಗ್ ಮಾಡುತ್ತಾ ಸುಂಟರಗಾಳಿಗೆ ಸಿಕ್ಕಿ, ಗಡಿ ದಾಟಿ, ಉತ್ತರ ಕೊರಿಯಾದ ಒಂದು ಮರಕ್ಕೆ ನೇತುಬೀಳುತ್ತಾಳೆ. ಕೆಳಗೆ ಅಲ್ಲಿನ ಸೇನೆಯ ಕ್ಯಾಪ್ಟನ್. ಅವಳು ಮರದಿಂದ ಅವನ ಮೇಲೆ ಬಿದ್ದಳು, ಅವಳ ಹಿಂದೆಯೇ ಚಿಕ್ಕಮ್ಮನೂ ಬಿದ್ದರು. ಅವರು ಇನ್ನೂ ಎದ್ದಿಲ್ಲ. ಆ ಕ್ಯಾಪ್ಟನ್ ಪಾತ್ರದ ಹ್ಯುನ್ ಬಿನ್, ನಾಯಕಿ ಸನ್ ಯೆ-ಜಿನ್ 2022ರ ಮಾರ್ಚ್‌ನಲ್ಲಿ ನಿಜವಾಗಿಯೂ ಮದುವೆಯಾದಾಗ ಚಿಕ್ಕಮ್ಮನ ಮನೆಯಲ್ಲಿ ಶ್ಯಾವಿಗೆ ಪಾಯಸ ಆಯಿತು. ಅದೇ ವರ್ಷ ನಮ್ಮ ಬಳಗದಲ್ಲಿ ನಡೆದ ಎರಡು ಮದುವೆಗಳಿಗೆ ಮಂಡಿನೋವು ಎಂದು ಬರಲಿಲ್ಲ.

ಕೊರಿಯನ್ ಧಾರಾವಾಹಿ ನೋಡುವವರಿಂದ ನನಗೇನೂ ತೊಂದರೆಯಿಲ್ಲ. ನೋಡಿ ಎನ್ನುವವರಿಂದ ಇದೆ. ಇವರನ್ನು ಬಸ್ಸಿನಲ್ಲಿ, ಆಫೀಸಿನ ಊಟದ ಮೇಜಿನಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ ನೀವೂ ಕಂಡಿರುತ್ತೀರಿ. ಇವರಲ್ಲೂ ಹಿರಿಕಿರಿತನವಿದೆ. ನನ್ನ ಮಾವನ ಮಗಳು ಹಾಸ್ಟೆಲ್‌ನಲ್ಲಿದ್ದಾಗಲೇ, ಹಾರ್ಡ್ ಡಿಸ್ಕ್ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದ ಕಾಲದಲ್ಲೇ, 2009ರ ‘ಬಾಯ್ಸ್ ಓವರ್ ಫ್ಲವರ್ಸ್’ ನೋಡಿ ಮುಗಿಸಿದವಳು. ಅವಳ ಪ್ರಕಾರ ಚಿಕ್ಕಮ್ಮ ‘ಕೊರೊನಾ ಬ್ಯಾಚು’. ಚಿಕ್ಕಮ್ಮ ಈ ಅವಮಾನವನ್ನು ಇತಿಹಾಸದಿಂದ ಎದುರಿಸುತ್ತಾರೆ: ‘ನೀನೇನು ಮೊದಲನೆಯವಳಲ್ಲ ಬಿಡೇ. ಮಣಿಪುರದಲ್ಲಿ 2000ದಲ್ಲೇ ಬಂಡುಕೋರರು ಹಿಂದಿ ಸಿನಿಮಾಕ್ಕೆ ನಿಷೇಧ ಹಾಕಿದ ಮೇಲೆ ಮನೆಮನೆಯಲ್ಲೂ ಕೊರಿಯನ್ ಚಾನೆಲ್ಲೇ ನೋಡ್ತಿದ್ರು. ಜಪಾನಿನಲ್ಲಿ ‘ವಿಂಟರ್ ಸೊನಾಟಾ’ ನೋಡಿ, ಅದರ ಹೀರೋ ಟೋಕಿಯೋಗೆ ಬಂದಿಳಿದಾಗ ಏರ್‌ಪೋರ್ಟಿನಲ್ಲಿ ಸಾವಿರಾರು ಹೆಂಗಸರು ನಿಂತಿದ್ರಂತೆ. ಎಲ್ಲ ನನ್ನ ವಯಸ್ಸಿನವರು!’ ಕೊನೆಯ ವಾಕ್ಯವನ್ನು ಅವರು ಚಿಕ್ಕಪ್ಪನ ಕಡೆ ನೋಡಿ ಹೇಳುತ್ತಾರೆ. ಚಿಕ್ಕಪ್ಪ ಪೇಪರಿನ ಹಿಂದೆ ಇರುತ್ತಾರೆ.

ಭಾಷೆಯ ವಿಷಯ ಬಂದರಂತೂ ಮುಗಿಯಿತು. ಕೊರಿಯನ್ನರೂ ಅಪ್ಪನನ್ನು ‘ಅಪ್ಪ’ ಅನ್ನುತ್ತಾರೆ, ಅಮ್ಮ ‘ಒಮ್ಮ’, ಅಯ್ಯೋ ಅನ್ನುವ ಕಡೆ ‘ಐಗೋ’. ನಮ್ಮ ಹಾಗೇ ಕ್ರಿಯಾಪದವನ್ನು ಕೊನೆಗೆ ಇಡುತ್ತಾರೆ. ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತಾರೆ. ಇನ್ನೇನು ಬೇಕು? ಇಪ್ಪತ್ತನೇ ಶತಮಾನದ ಆರಂಭದಲ್ಲೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ವ್ಯಾಕರಣವೊಂದನ್ನು ಬರೆದಿದ್ದಾನೆ, ಆದರೆ ಭಾಷಾವಿಜ್ಞಾನಿಗಳು ಆ ನೆಂಟಸ್ತಿಕೆಯನ್ನು ಒಪ್ಪಿಲ್ಲ ಎಂದು ನಾನು ಒಮ್ಮೆ ಬಾಯಿ ಹಾಕಿದೆ. ‘ಭಾಷಾವಿಜ್ಞಾನಿಗಳು ಎಷ್ಟು ಡ್ರಾಮಾ ನೋಡಿದ್ದಾರೆ?’ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆದರೆ ‘ಒಪ್ಪಾ’ ಎಂಬ ಒಂದು ಪದ ಅವರನ್ನು ಈಗಲೂ ಕಷ್ಟಕ್ಕೆ ಸಿಕ್ಕಿಸುತ್ತದೆ. ಹೆಣ್ಣುಮಗಳು ಅಣ್ಣನನ್ನು ಕರೆಯುವ ಪದ ಅದು, ಪ್ರಿಯಕರನನ್ನು ಕರೆಯುವುದೂ ಅದರಿಂದಲೇ. ಅಣ್ಣಾ ಅಣ್ಣಾ ಎನ್ನುತ್ತಲೇ ಹುಡುಗಿ ಹುಡುಗನ ಹೆಗಲಿಗೆ ಒರಗಿದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದ ನನ್ನ ಅಮ್ಮ ಎದ್ದು ಹೋಗಿ ದೇವರ ದೀಪ ಹಚ್ಚಿದರು. ಮಧ್ಯಾಹ್ನ ಮೂರು ಗಂಟೆಗೆ.

ಸ್ವಲೀನತೆಯಿರುವ ವಕೀಲೆಯ ಕಥೆಯ ‘ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ’ ಬಂದ ವರ್ಷ ಇನ್ನೊಂದು ಕಾಟ. ಆಕೆಯ ಹೆಸರು ಹಿಂದುಮುಂದಾಗಿ ಓದಿದರೂ ಒಂದೇ. ಪರಿಚಯ ಹೇಳಿಕೊಳ್ಳುವಾಗಲೆಲ್ಲ ಅಂಥದೇ ಪದಗಳ ಸರ ಹೇಳುತ್ತಾಳೆ, ಆ ಸರದಲ್ಲಿ ‘ಇನ್-ದೋ-ಇನ್’, ಅಂದರೆ ಭಾರತೀಯ, ಎಂಬುದೂ ಒಂದು. ಚಿಕ್ಕಮ್ಮನಿಗೆ ಪದ್ಮಶ್ರೀ ಬಂದಷ್ಟು ಸಂತೋಷ. ಒಂದು ವಾರ ಮನೆಗೆ ಬಂದ ಹಾಲಿನವನು, ಗ್ಯಾಸಿನವನು ಎಲ್ಲರೂ ಕನಕ, ವಿಕಟಕವಿ, ಕುಬೇರನಿಗೇನಿರಬೇಕು ಕೇಳಿಸಿಕೊಂಡು ಹೋದರು. ಕಿಮ್ಚಿಯ ಕಥೆ ವಿಸ್ತರಿಸುವುದಿಲ್ಲ. ಮೀನಿನ ಸಾಸು ಹಾಕದೆ, ಅದರ ಬದಲು ಇಂಗು ಹಾಕಿ, ಎಲೆಕೋಸನ್ನು ಉಪ್ಪಿನಕಾಯಿ ಭರಣಿಯಲ್ಲಿ ಮುಚ್ಚಿಟ್ಟರು. ಆರನೇ ದಿನ ಚಿಕ್ಕಪ್ಪ ಪ್ಲಂಬರನ್ನು ಕರೆಸಿದರು.

ಇವೆಲ್ಲ ತಡೆದುಕೊಳ್ಳಬಹುದಾದವು. ತಡೆದುಕೊಳ್ಳಲಾಗದ್ದು ಶಿಫಾರಸು. ಅದರ ಮಂತ್ರ ಒಂದೇ: ‘ಮೊದಲ ನಾಲ್ಕು ಕಂತು ತಡ್ಕೋ. ಆಮೇಲೆ ನೀನೇ ಬಿಡಲ್ಲ.’ ಹದಿನಾರು ಕಂತು ಸಾಮಾನ್ಯ ಲೆಕ್ಕ, ಒಂದೊಂದೂ ಒಂದು ಗಂಟೆಗೆ ಮೇಲ್ಪಟ್ಟು. ಅಂದರೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಲಿಕ್ಕೇ ಬೆಂಗಳೂರಿನಿಂದ ಬೀದರಿಗೆ ಹೋಗಲು ಹೊರಟು ಅರ್ಧ ದಾರಿಯಲ್ಲಿರಬೇಕು. ಹಾಗೆಂದರೆ, ‘ನಮ್ಮ ಧಾರಾವಾಹಿಗಳ ಹಾಗೆ ಸಾವಿರ ಕಂತು ದಾಟಲ್ಲವಲ್ಲ! ಮುಗಿಯುತ್ತೆ ಕಣೋ, ಅದೇ ಅದರ ದೊಡ್ಡ ಗುಣ’ ಎನ್ನುತ್ತಾರೆ. ಜೊತೆಯಲ್ಲಿ ಕೂತು ನೋಡಿದರೆ ಇನ್ನೂ ಅಪಾಯ. ಅವರು ಟೀವಿ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ನಗಬೇಕಾದಲ್ಲಿ ನಗದಿದ್ದರೆ ಹಿಂದಕ್ಕೆ ಓಡಿಸಿ ಮತ್ತೆ ಹಾಕುತ್ತಾರೆ. ಕಥೆ ಮಾತ್ರ ಹೇಳುವುದಿಲ್ಲ, ಅದು ಅವರ ಧರ್ಮ. ‘ನಾನೇನೂ ಹೇಳಲ್ಲಪ್ಪ. ಆ ಛತ್ರಿ ಒಂದು ನೆನಪಿಟ್ಟುಕೋ’ ಎಂದುಬಿಟ್ಟು ಒಗ್ಗರಣೆ ಹಾಕಲು ಹೋಗುತ್ತಾರೆ. ಆಮೇಲೆ ಛತ್ರಿ ಬಿಟ್ಟು ನಮಗೆ ಬೇರೇನೂ ಕಾಣಿಸುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ತಪ್ಪೊಪ್ಪಿಗೆ. ಮೊನ್ನೆ ಗೆಳೆಯನೊಬ್ಬ ‘ಮಲೆಗಳಲ್ಲಿ ಮದುಮಗಳು’ ವಾಪಸ್ಸು ತಂದುಕೊಟ್ಟ. ನಾನು ಒತ್ತಾಯಿಸಿ ಕೊಟ್ಟಿದ್ದು. ಮೂವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿತ್ತು. ‘ಮೊದಲ ನೂರು ಪುಟ ತಡ್ಕೊಳ್ಳೋ, ಆಮೇಲೆ...’ ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡೆ.

ಈಗ ಮುಖ್ಯ ಪ್ರಕರಣ. ಎರಡು ವರ್ಷ ಚಿಕ್ಕಮ್ಮ ನನ್ನ ಬೆನ್ನು ಬಿದ್ದದ್ದು ‘ರಿಪ್ಲೈ 1988’ಕ್ಕಾಗಿ. ಸೋಲ್ ನಗರದ ಸಾಂಗ್‌ಮುನ್-ದೋಂಗ್ ಎಂಬ ಬಡಾವಣೆಯ ಒಂದು ಗಲ್ಲಿ, ಐದು ಜನ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ಒಲಿಂಪಿಕ್ಸ್ ನಡೆದ ವರ್ಷ. ಇಪ್ಪತ್ತು ಕಂತು, ಒಂದೊಂದೂ ಒಂದೂವರೆ ಗಂಟೆಯ ಆಸುಪಾಸು. ಈ ಲೆಕ್ಕ ಕೇಳಿಯೇ ನನಗೆ ಆಕಳಿಕೆ. ಆದರೂ ದಿನಾ ಏಳೂಕಾಲಿಗೆ ಫೋನು. ಮೊದಮೊದಲು ‘ಎರಡನೇದು’ ಎಂದೆ, ವಾರ ಕಳೆದು ‘ಆರನೇದು’ ಎಂದೆ. ಬಡ್ಡಿ ಕಟ್ಟುವವನ ಹಾಗೆ ಸುಳ್ಳನ್ನು ಕಟ್ಟುತ್ತಾ ಹೋದೆ. ಕಥೆಯನ್ನು ಅಲ್ಲಿ ಇಲ್ಲಿ ಓದಿಕೊಂಡೆ. ನಾಯಕಿ ದೋಕ್-ಸನ್ ಮುಂದೆ ಮದುವೆಯಾಗುವುದು ಯಾರನ್ನು ಎಂಬುದೇ ಕಥೆಯ ಒಗಟು, ಅದಕ್ಕಾಗಿ ಕೊರಿಯಾದಲ್ಲೇ ಜನ ಎರಡು ಪಕ್ಷವಾಗಿದ್ದರು ಎಂದು ತಿಳಿದುಕೊಂಡೆ. ಉತ್ತರವನ್ನೂ ತಿಳಿದುಕೊಂಡೆ. (ಇಲ್ಲಿ ಬರೆಯುವುದಿಲ್ಲ. ಬರೆದರೆ ಚಿಕ್ಕಮ್ಮ ಈ ಪತ್ರಿಕೆ ತರಿಸುವುದನ್ನೇ ನಿಲ್ಲಿಸುತ್ತಾರೆ.) ಒಂದು ಬೆಳಿಗ್ಗೆ ಧೈರ್ಯ ಮಾಡಿ ‘ಮುಗೀತು ಚಿಕ್ಕಮ್ಮ, ಇಪ್ಪತ್ತೂ ಮುಗೀತು’ ಎಂದುಬಿಟ್ಟೆ. ಆ ಕಡೆಯಿಂದ ಮೂಗು ಸೊರ್ರೆಂದ ಸದ್ದು. ‘ಭಾನುವಾರ ಗೃಹಪ್ರವೇಶಕ್ಕೆ ಬರ್ತೀಯಲ್ಲ, ಕೂತು ಮಾತಾಡೋಣ’ ಎಂದರು.

ಗೃಹಪ್ರವೇಶದ ಮೊದಲ ಪಂಕ್ತಿ. ಎಡಗಡೆ ಅಮ್ಮ, ಬಲಗಡೆ ಚಿಕ್ಕಮ್ಮ, ಎದುರು ಸಾಲಿನಲ್ಲಿ ಮಾವನ ಮಗಳು. ನಾನು ಸಿದ್ಧವಾಗಿದ್ದೆ. ಕೋಸಂಬರಿ ಬಡಿಸುವಾಗ ಒಲಿಂಪಿಕ್ಸ್ ವಿಷಯ ಎತ್ತಿದೆ: ಪಾಪ, ದೋಕ್-ಸನ್ ಮಡಗಾಸ್ಕರ್ ದೇಶದ ಫಲಕ ಹಿಡಿಯಲು ಅಭ್ಯಾಸ ಮಾಡಿದ್ದಳು, ಆ ದೇಶ ಬರಲೇ ಇಲ್ಲ. ಚಿಕ್ಕಮ್ಮನ ಕಣ್ಣು ಮಿನುಗಿತು. ಪಲ್ಯ ಬರುವ ಹೊತ್ತಿಗೆ ಗಲ್ಲಿಯ ತಾಯಂದಿರು ಸಂಜೆ ಮಕ್ಕಳ ಕೈಲಿ ಮನೆಯಿಂದ ಮನೆಗೆ ಪಾತ್ರೆ ಕಳಿಸುವುದು, ಕೊನೆಗೆ ಒಬ್ಬ ಹುಡುಗ ಇಷ್ಟು ಓಡಾಡೋದಕ್ಕಿಂತ ಎಲ್ಲ ಒಟ್ಟಿಗೇ ಊಟ ಮಾಡಬಾರದಾ ಎಂದು ಗೊಣಗುವುದು, ಅದನ್ನೂ ಹೇಳಿದೆ. ಎದುರು ಸಾಲಿನವಳು ಗಂಡನ ಪ್ರಶ್ನೆ ಎತ್ತಿದಾಗ ಚಿಕ್ಕಮ್ಮ ಕೈಯಲ್ಲೇ ತಡೆದರು. ‘ಅದು ಬಿಡೇ. ಎಲ್ಲರೂ ಅದನ್ನೇ ಕೇಳ್ತಾರೆ. ನೀನು ಹೇಳೋ, ಆ ಮೊಟ್ಟೆ ಸೀನ್ ನೋಡಿ ಏನನ್ನಿಸಿತು?’

ಮೊಟ್ಟೆ! ನಾನು ಓದಿದ್ದರಲ್ಲಿ ಮೊಟ್ಟೆ ಎಲ್ಲೂ ಇರಲಿಲ್ಲ. ಆದರೆ ಕೊರಿಯನ್ ಮೊಟ್ಟೆ ನನಗೆ ಒಂದು ಗೊತ್ತಿತ್ತು. 2021ರಲ್ಲಿ ಊರೆಲ್ಲ ನೋಡುವಾಗ ನಾನೂ ‘ಸ್ಕ್ವಿಡ್ ಗೇಮ್’ ನೋಡಿದ್ದೆ. ಅದರಲ್ಲಿ ಸಾಲ ಮಾಡಿ ಸಿಕ್ಕಿಬಿದ್ದವರನ್ನೆಲ್ಲ ಕೂಡಿಹಾಕಿ ಒಂದು ರಾತ್ರಿ ತಲೆಗೊಂದು ಬೇಯಿಸಿದ ಮೊಟ್ಟೆ, ಒಂದು ಸೋಡಾ ಕೊಡುತ್ತಾರೆ. ಪುಂಡರ ಗುಂಪು ಎರಡೆರಡು ಸಲ ಸಾಲಿಗೆ ನಿಂತು ಉಳಿದವರಿಗೆ ಇಲ್ಲದ ಹಾಗೆ ಮಾಡುತ್ತದೆ. ಅಲ್ಲಿಂದ ಕೊಲೆ ಶುರು. ನನ್ನ ಮೆದುಳು ಒಬ್ಬಟ್ಟಿಗೆ ಕಾಯುತ್ತಿತ್ತೋ ಏನೋ, ನಾಲಿಗೆ ತಾನಾಗಿಯೇ ಹೊರಟಿತು: ‘ಭಯಂಕರ ಚಿಕ್ಕಮ್ಮ! ಒಂದು ಮೊಟ್ಟೆಗೆ ಅಷ್ಟು ಹೊಡೆದಾಟ, ರಾತ್ರಿ ನಿದ್ದೆ ಬರಲಿಲ್ಲ.’

‘ಪಂಕ್ತೀಲಿ ಅದೇನೋ ಮೊಟ್ಟೆ ಮಾತು, ಶಾಸ್ತ್ರಿಗಳು ಅಲ್ಲೇ ಇದ್ದಾರೆ’ ಎಂದು ಎಡಗಡೆಯಿಂದ ಅಮ್ಮ ತಿವಿದರು. ಬಲಗಡೆ ಮೌನ. ಎದುರಿನವಳು ಎಲೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಚಿಕ್ಕಮ್ಮ ನನ್ನತ್ತ ತಿರುಗಿ, ಮೂವತ್ತೆರಡು ವರ್ಷದ ಅನುಭವದ ಆ ನೋಟ ನೋಡಿ, ‘ಸಾರು ಹಾಕಿಸ್ಕೋ’ ಎಂದರು. ಅಷ್ಟೇ.

ಮಾರನೆಯ ದಿನ ಏಳೂಕಾಲಿಗೆ ಫೋನ್ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೊದಲ ವಾರ ಹಬ್ಬದಂತಿತ್ತು. ಎರಡನೇ ವಾರ ಹಾಲು ಉಕ್ಕಿ ಒಲೆ ಆರಿಹೋಯಿತು, ಆಗ ತಿಳಿಯಿತು, ಇಷ್ಟು ದಿನ ಆ ಫೋನ್ ಎತ್ತಲು ಏಳುತ್ತಿದ್ದವನು ಹಾಗೆಯೇ ಒಲೆಯನ್ನೂ ಸಣ್ಣ ಮಾಡುತ್ತಿದ್ದೆ ಎಂದು. ನಾನೇ ಎರಡು ಸಲ ಫೋನ್ ಮಾಡಿದೆ. ಮಾತಾಡಿದರು, ಮಂಡಿನೋವು, ಮಳೆ, ಚಿಕ್ಕಪ್ಪನ ಸಕ್ಕರೆ. ಹೊಸದೇನು ನೋಡ್ತಿದ್ದೀರಿ ಎಂದರೆ, ‘ಏನೋ ಒಂದು, ನಿನಗ್ಯಾಕೆ ಅದು’ ಎಂದರು. ನನ್ನನ್ನು ಬಾರದ ಸಾಲದ ಪಟ್ಟಿಗೆ ಬರೆದುಕೊಂಡಿದ್ದರು.

ಮೂರು ತಿಂಗಳ ಮೇಲೆ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಮೊದಲ ಕಂತು ಹಾಕಿದೆ. ಮೊಟ್ಟೆ ಅಲ್ಲೇ ಇತ್ತು, ಮೊದಲ ಕಂತಿನಲ್ಲೇ. ನಾಲ್ಕು ತಡೆದುಕೊಳ್ಳುವ ಅಗತ್ಯವೇ ಇರಲಿಲ್ಲ. ದೋಕ್-ಸನ್ ಮೂವರಲ್ಲಿ ನಡುವಿನವಳು. ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಮೇಣದಬತ್ತಿ ತೆಗೆದು ಇವಳದ್ದೂ ಮುಗಿಸುತ್ತಾರೆ. ಮನೆಯಲ್ಲಿ ಎರಡೇ ಮೊಟ್ಟೆ ಹುರಿದರೆ ಒಂದು ಅಕ್ಕನಿಗೆ, ಒಂದು ತಮ್ಮನಿಗೆ. ಇವಳಿಗೆ ಕಾಳಿನ ಪಲ್ಯ ಇಷ್ಟ ಅಂತ ಅಮ್ಮನೇ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಒಂದು ದಿನ ಹುಡುಗಿ ತಡೆಯಲಾರದೆ ಅತ್ತುಬಿಡುತ್ತಾಳೆ. ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಆಮೇಲೆ ಗಲ್ಲಿಯಲ್ಲಿ ಮಗಳ ಪಕ್ಕ ಕೂತು, ಅವಳಿಗೆಂದೇ ತಂದ ಕೇಕನ್ನು ಮುಂದಿಟ್ಟುಕೊಂಡು ತಡವರಿಸುತ್ತಾನೆ.

ನಿಲ್ಲಿಸಿ ನೀರು ಕುಡಿಯಲು ಎದ್ದೆ. ನಮ್ಮ ನಡುಮನೆಯ ಗೋಡೆಯಲ್ಲಿ ಅಮ್ಮ ತೂಗುಹಾಕಿರುವ ಒಂದು ಕಪ್ಪುಬಿಳುಪು ಫೋಟೋ ಇದೆ. ಯಾವುದೋ ವರ್ಷದ ಗೌರಿ ಹಬ್ಬ, ಅಕ್ಕತಂಗಿಯರು ಮೂವರು. ಅಮ್ಮ ದೊಡ್ಡವರು, ಹೊಸ ಲಂಗ. ಕೊನೆಯ ಚಿಕ್ಕಮ್ಮನಿಗೆ ಹೊಸ ಫ್ರಾಕು. ನಡುವೆ ನಿಂತವರ ಲಂಗದಲ್ಲಿ, ಅಂಚಿನಿಂದ ಒಂದು ಗೇಣು ಮೇಲೆ, ಮಡಿಕೆ ಬಿಚ್ಚಿದ ಗೆರೆ ಇಷ್ಟುದ್ದಕ್ಕೂ ಕಾಣುತ್ತದೆ. ನಲವತ್ತು ವರ್ಷದಿಂದ ಆ ಫೋಟೋದ ಕೆಳಗೇ ಚಪ್ಪಲಿ ಬಿಟ್ಟಿದ್ದೇನೆ.

ಹನ್ನೊಂದೂವರೆ ಆಗಿತ್ತು. ಮಲಗಿರುವುದಿಲ್ಲ ಎಂದು ಗೊತ್ತಿತ್ತು.

‘ಚಿಕ್ಕಮ್ಮ, ಮೊಟ್ಟೆ ಸೀನ್ ನೋಡಿದೆ.’

‘ಯಾವ ಮೊಟ್ಟೆ? ಹೊಡೆದಾಟದ್ದಾ?’

‘ಅಲ್ಲ. ನಿಮ್ಮದು.’

ಆ ಕಡೆ ಟೀವಿಯಲ್ಲಿ ಯಾರೋ ಕೊರಿಯನ್ನಿನಲ್ಲಿ ಅಳುತ್ತಿದ್ದರು. ಅದರ ಸದ್ದು ಕಡಿಮೆಯಾಯಿತು.

‘ಆ ಗೌರಿ ಹಬ್ಬದ ಫೋಟೋದಲ್ಲಿ ನೀವು ಹಾಕಿರೋದು ಅಮ್ಮನ ಲಂಗ ಅಲ್ವಾ?’

‘ನಿಮ್ಮಮ್ಮಂದೇ. ಸೊಂಟಕ್ಕೆ ಸಡಿಲ ಅಂತ ಪಿನ್ನು ಹಾಕಿದ್ರು. ದಿನವೆಲ್ಲ ಚುಚ್ಚುತ್ತಿತ್ತು.’ ಸ್ವಲ್ಪ ತಡೆದು, ದನಿ ಮತ್ತೆ ಸಾಲ ವಿಭಾಗಕ್ಕೆ ಬಂತು. ‘ಅದೆಲ್ಲ ಈಗ ಯಾಕೋ? ಇನ್ನೂ ಹತ್ತೊಂಬತ್ತು ಬಾಕಿ ಇದೆ. ಮಲಗಬೇಡ, ಎರಡನೇದು ಹಾಕು. ಬೆಳಿಗ್ಗೆ ಕೇಳ್ತೀನಿ.’