ನಾಲ್ಕನೇ ಪ್ಲಗ್ಗು

ಒಳ್ಳೆಯ ಮೆಕ್ಯಾನಿಕ್ ಯಾರಾದರೂ ಇದ್ದರೆ ಹೇಳಿ ಎಂದು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ತಕ್ಷಣ ಒಬ್ಬನ ಹೆಸರು ಹೇಳುತ್ತಾರೆ. ಹೇಳಿದ ಮೇಲೆ ದನಿ ತಗ್ಗಿಸಿ, "ಆದ್ರೂ ಸ್ವಲ್ಪ ಪಕ್ಕದಲ್ಲೇ ನಿಂತು ನೋಡ್ಕೊಳ್ಳಿ" ಎಂದು ಸೇರಿಸುತ್ತಾರೆ.

ನಿಂತೆ. ನನ್ನದು ಮಾರುತಿ 800. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆಯೇ ನಿಂತುಹೋದ ವಂಶದ ಕುಡಿ. ಬಾನೆಟ್ ಎತ್ತಿದರೆ ನನಗೆ ಗುರುತು ಸಿಗುವುದು ಬ್ಯಾಟರಿ ಒಂದೇ. ಅದೂ ಮೇಲೆ ಹೆಸರು ಬರೆದಿರುವುದರಿಂದ. ಸೊಂಟಕ್ಕೆ ಕೈಕೊಟ್ಟು ಆಗಾಗ "ಹೂಂ" ಎನ್ನುತ್ತಿದ್ದೆ. ಗಿರಾಕಿಯ ವಿದ್ವತ್ತು ಎಷ್ಟೆಂದು ಅಳೆಯಲು ಮೆಕ್ಯಾನಿಕ್ಕಿಗೆ ಆ "ಹೂಂ" ಸಾಕು. "ಸಾರ್, ಒಂದು ಟೀ ಕುಡ್ಕೊಂಡ್ ಬನ್ನಿ" ಎಂದ. ಬರುವಷ್ಟರಲ್ಲಿ ಬಿಲ್ಲು ತಯಾರಾಗಿತ್ತು: ಆಯಿಲ್, ಟ್ಯೂನಿಂಗ್, ನಾಲ್ಕು ಸ್ಪಾರ್ಕ್ ಪ್ಲಗ್. ಎಣಿಸಿ ಕೊಟ್ಟು ಬಂದೆ.

ಸಂಜೆ ಭಾವಮೈದ ಬಿಲ್ಲನ್ನು ಎರಡು ಸಲ ಓದಿದ. "ಭಾವ, ಈ 796 ಸಿಸಿ ಎಂಜಿನ್ನಿಗೆ ಇರೋದೇ ಮೂರು ಸಿಲಿಂಡರು, ಮೂರು ಪ್ಲಗ್ಗು. ಕಿವಿಗೆ ಹೂವಿಡೋದು ಹಳೇ ಕಾಲ. ನಿಮಗೆ ಪ್ಲಗ್ಗೇ ಇಟ್ಟು ಕಳಿಸಿದ್ದಾನೆ."

ಅವತ್ತಿನಿಂದ ನಾನು ಪತ್ತೇದಾರನಾದೆ. ಮುಂದಿನ ಸರ್ವಿಸಿಗೆ ಬೇರೆ ಗ್ಯಾರೇಜು. ಅದಕ್ಕೆ ಗಾಜಿನ ಬಾಗಿಲು, ಎಸಿ, ಸೋಫಾ ಎಲ್ಲ ಇದ್ದವು. ಹೋಗುವ ಮುನ್ನ ಹೆಂಡತಿಯ ಉಗುರುಬಣ್ಣ ಕದ್ದು, ಏರ್ ಫಿಲ್ಟರಿನ ಅಂಚಿಗೆ ಒಂದು ಕೆಂಪು ಚುಕ್ಕಿ ಇಟ್ಟೆ. ಬಿಲ್ಲಿನಲ್ಲಿ ಹೊಸ ಫಿಲ್ಟರು ಇತ್ತು. ಕೇಳದೆಯೇ ಹಳೆಯದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಟ್ಟರು. ಎಂಥಾ ಪ್ರಾಮಾಣಿಕರು ಎಂದುಕೊಂಡು ಮನೆಗೆ ಬಂದು ಬಿಚ್ಚಿದರೆ, ಪೇಪರಿನೊಳಗಿದ್ದುದಕ್ಕೆ ಚುಕ್ಕಿಯಿಲ್ಲ. ಗಾಡಿಯೊಳಗಿದ್ದುದು ಮುತ್ತೈದೆಯ ಹಾಗೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಯಾವ ಬಡಪಾಯಿಯ ಫಿಲ್ಟರನ್ನು ನನಗೆ ಕಟ್ಟಿಕೊಟ್ಟರೋ!

ಮೂರನೆಯವನು ಸಿಕ್ಕಿದ್ದು ಹೊಂಗೆಮರದ ಕೆಳಗೆ. ಒಂದು ತಗಡಿನ ಶೆಡ್ಡು, ಎರಡು ಪಾನಾ ಪೆಟ್ಟಿಗೆ, ಬೋರ್ಡಿಲ್ಲ. ಎಂಜಿನ್ ಸದ್ದು ಕೇಳಿಸಿಕೊಂಡು, "ಪ್ಲಗ್ ಚೆನ್ನಾಗಿದಾವೆ, ಫಿಲ್ಟರ್ ಮಾತ್ರ ಹಾಕ್ಬೇಕು. ನಾನು ತಂದ್ರೆ ನಿಮಗೆ ಅನುಮಾನ ಬರುತ್ತೆ. ಜೆ.ಸಿ. ರಸ್ತೆಗೆ ಹೋಗಿ ನೀವೇ ತನ್ನಿ" ಎಂದ. ಮುಖದಲ್ಲೇ ಓದಿಕೊಂಡನಲ್ಲ ಎಂದು ನಾಚಿಕೆಯಾಯಿತು.

ಜೆ.ಸಿ. ರಸ್ತೆಯ ಅಂಗಡಿಯವನು, "ಕಾರ್ಬುರೇಟರ್ ಗಾಡಿನಾ, ಎಂಪಿಎಫ್‌ಐನಾ?" ಎಂದು ಕೇಳಿದ. "ನೀಲಿ ಬಣ್ಣದ್ದು" ಎಂದೆ. ನಿಟ್ಟುಸಿರು ಬಿಟ್ಟು ಮುಂದಿನ ಪ್ರಶ್ನೆಗೆ ಬಂದ: "ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ, ಒರಿಜಿನಲ್ ಥರಾನೇ ಇರೋ ಲೋಕಲ್ ಕೊಡ್ಲಾ?" ವ್ಯಾಪಾರದಲ್ಲಿ ಇಷ್ಟು ನೇರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮರದಡಿಯವನು ಹಳೆಯ ಫಿಲ್ಟರ್ ತೆಗೆದು ಧೂಳು ಕೊಡವಿದ. ಚುಕ್ಕಿ ಕಣ್ಣಿಗೆ ಬಿತ್ತು.

"ಇದೇನ್ ಸಾರ್?"

"ದೃಷ್ಟಿಬೊಟ್ಟು" ಎಂದೆ.

ಅವನು ನಗಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಬಾಟ್ಲಿ ಗಾಡೀಲೇ ಇದ್ರೆ ಹೊಸದಕ್ಕೂ ಒಂದು ಇಟ್ಬಿಡಿ. ಯಾವಾಗಲಾದ್ರೂ ಬೇರೆ ಕಡೆ ಹೋದ್ರೆ ಬೇಕಾಗುತ್ತೆ" ಎಂದ. ಕೂಲಿ ಎಂದು ಐವತ್ತು ರೂಪಾಯಿ ತೆಗೆದುಕೊಂಡ.

ಅವನ ವಿಳಾಸ ಮಾತ್ರ ಕೇಳಬೇಡಿ. ಈಗಲೇ ಭಾನುವಾರ ಏಳಕ್ಕೆ ಹೋದರೆ ನನ್ನ ಸರದಿ ಬರುವಾಗ ಹನ್ನೊಂದಾಗುತ್ತದೆ.