ಎಲ್ಲರ ಕೊರಳಿಗೆ ಹೊಂದುವ ಮಟ್ಟು

ನಿನ್ನೆ ಭಜನೆಗೆ ನೀವೂ ಬಂದಿದ್ದಿರಲ್ಲ? ದಾಸರ ಪದ ಹಳೆಯದೇ, ಮಟ್ಟು ಮಾತ್ರ ನಮ್ಮ ಹುಡುಗರು ಕಟ್ಟಿದ ಹೊಸತು. ಧಾಟಿ ಕೆಡಿಸಿದರು ಅಂತ ನೀವು ಹೇಳುತ್ತೀರಿ. ನಾನು ಹಾಗೆ ಹೇಳಲಾರೆ ಮಾರಾಯ್ರೇ. ದಾಸರ ಪದಗಳ ಧಾಟಿ ಊರಿಗೊಂದು, ಬಾಯಿಗೊಂದು ಆಗಿಯೇ ನಮ್ಮವರೆಗೆ ಬಂದದ್ದು. ನನಗೆ ಕೊರೆಯುವುದು ಬೇರೆ ಸಂಗತಿ: ಚರಣ ಮೇಲಿನ ಷಡ್ಜ ದಾಟಿದ ಕೂಡಲೇ ಹಿಂದೆ ಕೂತವರೆಲ್ಲ ಯಾಕೆ ಸುಮ್ಮನಾದರು?

ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಇದಕ್ಕೊಂದು ಉಪಾಯ ಉಂಟು. ಸ್ವರಲಿಪಿ ಓದಲು ಬಾರದವರಿಗಾಗಿ ಸ್ವರಗಳಿಗೆ ಆಕಾರ ಕೊಟ್ಟರು: ಫಾ ತ್ರಿಕೋನ, ಸೋಲ್ ವೃತ್ತ, ಲಾ ಚೌಕ, ಮಿ ವಜ್ರ. 1801ರಲ್ಲಿ ಲಿಟಲ್ ಮತ್ತು ಸ್ಮಿತ್ ಎಂಬವರ ಪುಸ್ತಕದಲ್ಲಿ ಬಂದ ಪದ್ಧತಿ. 1844ರ ‘ಸೇಕ್ರೆಡ್ ಹಾರ್ಪ್’ ಪುಸ್ತಕ ಹಿಡಿದು ಈಗಲೂ ಹಾಡುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಗುಂಪು ಒಳಮುಖವಾಗಿ ಕೂತುಕೊಳ್ಳುತ್ತದೆ, ಹಾಡಿಸುವವರು ನಡುವೆ. ಕೇಳಲಿಕ್ಕೆಂದೇ ಬಂದವರು ಅಂತ ಯಾರೂ ಇಲ್ಲ, ಬಂದವರೆಲ್ಲ ಹಾಡುವವರೇ. ಹಳೆಯ ಧಾಟಿಯನ್ನು ಈ ಕೂಟಕ್ಕೆ ಹೊಂದಿಸುವಾಗ ಅದನ್ನು ‘ಟೆನರ್’ ಗುಂಪಿಗೆ ಕೊಟ್ಟು, ಅದರ ಮೇಲೂ ಕೆಳಗೂ ಬೇರೆ ಎಳೆಗಳನ್ನು ಕಟ್ಟುತ್ತಾರೆ. ಆ ಎಳೆ ಒಂದೊಂದೂ ತಾನೇ ಒಂದು ಹಾಡಿನಂತಿರಬೇಕು.

‘ಅಮೇಜಿಂಗ್ ಗ್ರೇಸ್’ ಕೇಳಿದ್ದೀರಿ. ಜಾನ್ ನ್ಯೂಟನ್ನರ ಸಾಹಿತ್ಯಕ್ಕೆ ಈಗಿನ ಧಾಟಿ ಕೂಡಿಸಿ 1835ರಲ್ಲಿ ಅಚ್ಚು ಹಾಕಿಸಿದವರು ವಿಲಿಯಂ ವಾಕರ್. ಹಾರ್ಮೋನಿಯಂನಲ್ಲಿ ಬಾರಿಸಿ ನೋಡಿ, ನಮ್ಮ ಮೋಹನದ ಐದೇ ಸ್ವರ. ಆ ಕೂಟದವರು ಮೊದಲು ಆಕಾರ ನೋಡಿ ಬರೀ ಸ್ವರ ಹಾಡುತ್ತಾರೆ, ಆಮೇಲೆ ಸಾಹಿತ್ಯ. ಮಲಹರಿ ಗೀತೆಯನ್ನು ನಮ್ಮ ಮಕ್ಕಳು ಕಲಿಯುವುದೂ ಹೀಗೇ ಅಲ್ಲವಾ?

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನವರ ಕಷ್ಟ ಇನ್ನೊಂದು ಬಗೆಯದು. ಅವರ ಕೈಯಲ್ಲಿದ್ದದ್ದು ಜರ್ಮನ್ ಧಾಟಿ, ಎದುರಿಗಿದ್ದದ್ದು ಕನ್ನಡ. ‘ಕರುಣೆ’ ಅಂತ ಹೇಳಿ ನೋಡಿ: ಮೂರೂ ಲಘು, ಮೂರು ಮಾತ್ರೆಯಲ್ಲಿ ಮುಗಿಯಿತು. ಅದನ್ನೇ ಉದ್ದುದ್ದದ ಮೂರು ಸ್ವರಕ್ಕೆ ಎಳೆದರೆ ‘ಕಾರೂಣೇ’ ಆಗುತ್ತದೆ. ಅವರ ಧಾಟಿ ನಡೆಯುವುದು ಒತ್ತಿನ ಮೇಲೆ, ನಮ್ಮ ಪದ್ಯ ನಡೆಯುವುದು ಮಾತ್ರೆಯ ಮೇಲೆ. ಅದೇ ಮಿಷನ್ನಿನ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ ತಂದಾಗ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಮುಂದೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿ ಕೊಟ್ಟರು. ಪರದೇಶದಿಂದ ಬಂದವರೊಬ್ಬರು ನಮ್ಮ ಲಘು ಗುರುವಿಗೆ ಅಷ್ಟು ಕಿವಿಗೊಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮ್ಮ ಸೀತಾಂಗೋಳಿಯವರಿಗೆ ಮಾತನ್ನು ಮಟ್ಟಿಗೆ ಹೊಂದಿಸುವ ಈ ಕೆಲಸ ಹೊಸತಲ್ಲ. ರಸ್ತೆ ಇಳಿದರೆ ಕುಂಬಳೆ, ಪಾರ್ತಿಸುಬ್ಬನ ಊರು. ಯಕ್ಷಗಾನ ಪ್ರಸಂಗ ಬರೆಯುವವರು ಹಳೆಯ ಮಟ್ಟಿನ ಮೇಲೆ ಹೊಸ ಪದ್ಯ ಕೂರಿಸುತ್ತಲೇ ಬಂದಿದ್ದಾರೆ. ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರು ಅಷ್ಟೇ ಇರುತ್ತದೆ, ಉಳಿದದ್ದು ಭಾಗವತರ ನೆನಪಿನಲ್ಲಿ. ಆದರೆ ಭಾಗವತರು ಒಬ್ಬರೇ ಹಾಡುವವರು, ಎಷ್ಟು ಮೇಲೆ ಬೇಕಾದರೂ ಏರಬಹುದು. ಭಜನೆಗೆ ಆ ಸ್ವಾತಂತ್ರ್ಯ ಇಲ್ಲ. ಅಲ್ಲಿ ಏಳು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಒಂದೇ ಶ್ರುತಿಗೆ ಸೇರಬೇಕು.

ಹಾಗಾಗಿ ಹುಡುಗರಿಗೆ ಬೈಯುವುದು ಬೇಡ. ಹೊಸ ಮಟ್ಟು ಕಟ್ಟಲಿ, ಎರಡು ಸ್ವರ ಕೆಳಗಿನಿಂದ ಎತ್ತಿಕೊಳ್ಳಲಿ, ಲಘುವನ್ನು ಎಳೆಯದಿರಲಿ. ಇನ್ನೊಂದು, ನಮ್ಮ ಭಜನೆ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಉಂಟು, ಸ್ವರ ಇಲ್ಲ. ನಿಮ್ಮ ಸೊಸೆ ಸಂಗೀತ ಕಲಿತವಳು. ನಿಮಗೆ ಬಾಯಿಪಾಠ ಇರುವ ಹಳೆಯ ಧಾಟಿಗಳಿಗೆ ಅವಳು ಸ್ವರ ಹಾಕಿ ಕೊಡುತ್ತಾಳಾ ಕೇಳಿ ನೋಡಿ. ಬರೆದುಕೊಳ್ಳಲಿಕ್ಕೆ ನಾನು ಬಂದು ಕೂರುತ್ತೇನೆ.